ಪೊಟ್ಟಲಕೆರೆಯಿಂದ ಪಟಾನ್‌ಚೆರುವಿಗೆ: ಉಸಿರನ್ನು ಎಣಿಸಿದವರ ಚರಿತ್ರೆ

ಹೈದರಾಬಾದಿನಿಂದ ಮುಂಬಯಿಗೆ ಹೋಗುವ ಹೆದ್ದಾರಿಯ ಮೇಲಿರುವ ಪಟಾನ್‌ಚೆರು ಇಂದು ಕಾರ್ಖಾನೆಗಳ ಊರೆಂದೇ ಪ್ರಸಿದ್ಧವಾಗಿದೆ. ಸಾವಿರ ವರ್ಷಗಳ ಹಿಂದೆ ಇದು ಕನ್ನಡದ ಅರಸರ ನೆಲೆವೀಡಾಗಿತ್ತೆಂಬುದು ಇಲ್ಲಿ ನೆಲೆಸಿರುವ ಕನ್ನಡಿಗರಲ್ಲಿಯೂ ಅನೇಕರಿಗೆ ತಿಳಿಯದು. ಕಲ್ಯಾಣದ ಚಾಲುಕ್ಯರ ಶಾಸನಗಳಲ್ಲಿ ಬರುವ ಪೊಟ್ಟಲಕೆರೆಯೇ ಈ ಪಟಾನ್‌ಚೆರು ಎಂದು ಇತಿಹಾಸಜ್ಞರು ಗುರುತಿಸಿದ್ದಾರೆ. ನಮ್ಮ ‘ಕೆರೆ’ಯೇ ತೆಲುಗಿನ ‘ಚೆರುವು’ ಆಗಿ ಹೆಸರಿನೊಳಗೆ ಉಳಿದುಕೊಂಡಿದೆ. ಸುಮಾರು ಕ್ರಿ.ಶ. 1015ರಿಂದ 1043ರವರೆಗೆ ಆಳಿದ ಇಮ್ಮಡಿ ಜಯಸಿಂಹನು ಇಲ್ಲಿ ಬೀಡುಬಿಟ್ಟು ರಾಜ್ಯಭಾರ ನಡೆಸಿದನು.

ಆ ಕಾಲದ ಅರಸರು ಸಂಕ್ರಾಂತಿ, ಗ್ರಹಣ ಮೊದಲಾದ ಪುಣ್ಯಕಾಲಗಳಲ್ಲಿ ಭೂದಾನ ಮಾಡುತ್ತಿದ್ದರು. ಆ ಪುಣ್ಯಕಾಲವನ್ನು ನಿರ್ಣಯಿಸಲು ಜ್ಯೋತಿಷಿಗಳ ಗಣಿತ ಬೇಕು. ಆ ಗಣಿತಕ್ಕೆ ಕಾಲದ ಅಳತೆ ಬೇಕು. ದಿನಕ್ಕೆ ಅರವತ್ತು ಗಳಿಗೆ, ಗಳಿಗೆಗೆ ಅರವತ್ತು ವಿಗಳಿಗೆ ಎಂಬುದು ನಮ್ಮ ಹಿರಿಯರ ಪಂಚಾಂಗದಲ್ಲಿ ಇಂದಿಗೂ ಇದೆ. ವಿಗಳಿಗೆಗೆ ಆರು ‘ಪ್ರಾಣ’ಗಳು ಎಂಬುದನ್ನು ಮಾತ್ರ ಬಹುಮಂದಿ ಮರೆತಿದ್ದಾರೆ. ಸ್ವಸ್ಥನಾದ ಮನುಷ್ಯನ ಒಂದು ಉಸಿರಾಟದ ಕಾಲವೇ ಪ್ರಾಣ. ಹತ್ತು ಗುರ್ವಕ್ಷರಗಳನ್ನು ಉಚ್ಚರಿಸುವಷ್ಟು ಹೊತ್ತು ಎಂದೂ ಅದಕ್ಕೆ ಲಕ್ಷಣ ಹೇಳಿದ್ದಾರೆ. ಇಂದಿನ ಗಡಿಯಾರದಲ್ಲಿ ಅದು ಸರಿಯಾಗಿ 4 ಸೆಕೆಂಡು. ಅರವತ್ತನ್ನು ಅರವತ್ತರಿಂದಲೂ ಆರರಿಂದಲೂ ಗುಣಿಸಿದರೆ ದಿನವೊಂದಕ್ಕೆ 21,600 ಉಸಿರುಗಳಾಗುತ್ತವೆ.

ಈ ಸಂಖ್ಯೆಗೆ ಇನ್ನೊಂದು ಮುಖವಿದೆ. ವೃತ್ತಕ್ಕೆ 360 ಅಂಶ, ಅಂಶಕ್ಕೆ 60 ಕಲೆ; ಒಟ್ಟು ಕಲೆಗಳು 21,600. ಒಂದು ಪ್ರಾಣದ ಅವಧಿಯಲ್ಲಿ ನಕ್ಷತ್ರಮಂಡಲವು ಒಂದು ಕಲೆಯಷ್ಟು ತಿರುಗಿದಂತೆ ಕಾಣುತ್ತದೆಂದು ಆರ್ಯಭಟನು ಐದನೆಯ ಶತಮಾನದ ಕೊನೆಯಲ್ಲೇ ಬರೆದಿದ್ದಾನೆ. ಹೀಗಾಗಿ ಇದು ಮೂಗಿನ ಮುಂದೆ ಬೆರಳಿಟ್ಟು ಎಣಿಸಿ ಕಂಡುಕೊಂಡ ಸಂಖ್ಯೆಯಲ್ಲ, ಆಕಾಶದ ಗಣಿತಕ್ಕೆ ಹೊಂದಿಸಿದ್ದು ಎಂದೇ ತೋರುತ್ತದೆ. ಆದರೂ ಲೆಕ್ಕ ತಪ್ಪಿಲ್ಲ. ಅದು ನಿಮಿಷಕ್ಕೆ 15 ಉಸಿರಾಗುತ್ತದೆ. ವಿಶ್ರಾಂತಿಯಲ್ಲಿರುವ ವಯಸ್ಕನಿಗೆ 12ರಿಂದ 20 ಉಸಿರು ಸಹಜವೆಂದು ಇಂದಿನ ವೈದ್ಯಶಾಸ್ತ್ರವೂ ಹೇಳುತ್ತದೆ.

ಮಾಧ್ವ ಸಂಪ್ರದಾಯದವರಿಗೆ ಈ ಸಂಖ್ಯೆ ಅಪರಿಚಿತವಲ್ಲ. ಪ್ರತಿಯೊಂದು ಜೀವಿಯೊಳಗಿದ್ದು ಮುಖ್ಯಪ್ರಾಣದೇವರು ದಿನಕ್ಕೆ 21,600 ಹಂಸಮಂತ್ರ ಜಪವನ್ನು ಉಸಿರಿನ ರೂಪದಲ್ಲಿ ನಡೆಸುತ್ತಾರೆಂಬ ಭಾವನೆಯನ್ನು ಶ್ರೀ ಜಗನ್ನಾಥದಾಸರು (1728–1809) ಹರಿಕಥಾಮೃತಸಾರದ ಶ್ವಾಸಸಂಧಿಯಲ್ಲಿ ಕನ್ನಡದಲ್ಲಿಯೇ ವಿಸ್ತರಿಸಿದ್ದಾರೆ. ದಾಸರು ನೆಲೆಸಿದ್ದ ಮಾನವಿಯು 1956ರವರೆಗೆ ಹೈದರಾಬಾದ್ ರಾಜ್ಯಕ್ಕೇ ಸೇರಿದ್ದಿತು. ಜೀವಿಯು ನಿದ್ರಿಸುವಾಗಲೂ ನಿಲ್ಲದ ಕ್ರಿಯೆಯನ್ನು ‘ನಾನು ಮಾಡುತ್ತೇನೆ’ ಎನ್ನಲಾಗದೆಂಬುದು ಅಲ್ಲಿಯ ತಾತ್ಪರ್ಯ. ಉಸಿರನ್ನು ಸುಮ್ಮನೆ ಗಮನಿಸಿರೆಂದು ಇಂದಿನ ತರಬೇತಿ ಶಿಬಿರಗಳಲ್ಲಿ ಹೇಳುವವರು ಹೊಸದೇನನ್ನೂ ಹೇಳುತ್ತಿಲ್ಲ.

ಗಮನಿಸುವುದು ಒಂದು, ನಿಯಮಿಸುವುದು ಇನ್ನೊಂದು. ಸಂಧ್ಯಾವಂದನೆಯ ಪ್ರಾಣಾಯಾಮವು ಎರಡನೆಯದಕ್ಕೆ ಸೇರಿದ್ದು. ಪ್ರಣವ, ಏಳು ವ್ಯಾಹೃತಿಗಳು, ಗಾಯತ್ರಿ, ಅದರ ಶಿರೋಭಾಗ ಇವಿಷ್ಟನ್ನೂ ಉಸಿರನ್ನು ಹಿಡಿದು ಮನಸ್ಸಿನಲ್ಲಿ ಆವರ್ತಿಸಬೇಕೆಂಬ ವಿಧಿ ಕ್ರಮೇಣ ಮೂಗು ಮುಟ್ಟಿ ಕೈಬಿಡುವಷ್ಟಕ್ಕೆ ಇಳಿದಿರುವುದನ್ನು ಯಾರೂ ಅಲ್ಲಗಳೆಯಲಾರರು. ಆಫೀಸಿನ ಬಸ್ಸು ಹೊರಡುವ ಹೊತ್ತಿನಲ್ಲಿ ಕುಂಭಕವೆಲ್ಲಿ ಸಾಧ್ಯ!

ಆಚಾರದೊಳಗಿದ್ದ ಈ ವಿದ್ಯೆಯನ್ನು ಆರೋಗ್ಯದ ವಿದ್ಯೆಯನ್ನಾಗಿ ಎಲ್ಲರ ಮುಂದಿಟ್ಟುದರಲ್ಲಿ ಮೈಸೂರಿನ ಪಾತ್ರ ದೊಡ್ಡದು. ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದಲ್ಲಿ 1888ರಲ್ಲಿ ಜನಿಸಿದ ತಿರುಮಲೈ ಕೃಷ್ಣಮಾಚಾರ್ಯರಿಗೆ ನಾಲ್ವಡಿ ಕೃಷ್ಣರಾಜ ಒಡೆಯರು ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಲು 1933ರಲ್ಲಿ ಅವಕಾಶ ಕಲ್ಪಿಸಿದರು. ಮರುವರ್ಷವೇ ಆಚಾರ್ಯರ ‘ಯೋಗ ಮಕರಂದ’ ಕನ್ನಡದಲ್ಲಿ ಸಿದ್ಧವಾಯಿತು. ಅದೇ 1934ರಲ್ಲಿ ಕೋಲಾರ ಸೀಮೆಯ ಬೆಳ್ಳೂರಿನ ರೋಗಪೀಡಿತ ಬಾಲಕನೊಬ್ಬನು ಅಲ್ಲಿಗೆ ಬಂದನು. ಅವನೇ ಮುಂದೆ ಲೋಕವಿಖ್ಯಾತರಾದ ಬಿ.ಕೆ.ಎಸ್. ಅಯ್ಯಂಗಾರ್.

1935ರಲ್ಲಿ ಫ್ರಾನ್ಸಿನ ಹೃದ್ರೋಗ ತಜ್ಞೆ ತೆರೇಸ್ ಬ್ರೋಸ್ ಭಾರತಕ್ಕೆ ಬಂದು ಯೋಗಿಗಳ ಹೃದಯಬಡಿತವನ್ನು ಯಂತ್ರದಿಂದ ದಾಖಲಿಸಿದರು. ಯೋಗಿಯು ಹೃದಯವನ್ನೇ ನಿಲ್ಲಿಸಬಲ್ಲನೆಂಬ ಪ್ರಸಿದ್ಧಿ ಹಬ್ಬಿದ್ದು ಅಂದಿನಿಂದ. ಎರಡು ದಶಕಗಳ ಅನಂತರ ವೆಂಗರ್, ಬಾಗ್ಚಿ ಮತ್ತು ಆನಂದ್ ಎಂಬ ವಿಜ್ಞಾನಿಗಳು ಇದನ್ನು ಮತ್ತೆ ಪರೀಕ್ಷಿಸಿ, 1961ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಹೃದಯ ನಿಂತಿರಲಿಲ್ಲ. ಉಸಿರು ಕಟ್ಟಿ ಎದೆಯನ್ನು ಬಿಗಿಹಿಡಿದಾಗ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗಿ, ಕೈಯ ನಾಡಿ ಸಿಗದಂತಾಗುತ್ತಿತ್ತು, ಅಷ್ಟೆ. ಇದರಿಂದ ಯೋಗಕ್ಕೆ ಕುಂದುಂಟಾಯಿತೆಂದು ಭಾವಿಸಬೇಕಿಲ್ಲ; ಪವಾಡದ ಪೊರೆ ಕಳಚಿದ್ದರಿಂದ ಉಪಯುಕ್ತವಾದ ಪ್ರಶ್ನೆಗಳಿಗೆ ದಾರಿಯಾಯಿತು.

ಅಂತಹ ಪ್ರಶ್ನೆಯೊಂದಕ್ಕೆ ಬೆಂಗಳೂರಿನಿಂದ ಉತ್ತರ ಬಂದಿತು. ಡಾ. ಆರ್. ನಾಗರತ್ನ ಮತ್ತು ಡಾ. ಎಚ್.ಆರ್. ನಾಗೇಂದ್ರ ಅವರು 53 ಮಂದಿ ಉಬ್ಬಸದ ರೋಗಿಗಳಿಗೆ ಎರಡು ವಾರ ಯೋಗ, ಪ್ರಾಣಾಯಾಮ, ಧ್ಯಾನಗಳನ್ನು ಕಲಿಸಿ, ಅಭ್ಯಾಸವನ್ನು ಮುಂದುವರಿಸುವಂತೆ ಹೇಳಿ, ಅಷ್ಟೇ ಸಂಖ್ಯೆಯ ಇತರ ರೋಗಿಗಳೊಡನೆ ಹೋಲಿಸಿದರು. ಅಭ್ಯಾಸ ಮಾಡಿದವರಲ್ಲಿ ಉಬ್ಬಸದ ಆಕ್ರಮಣಗಳೂ ಔಷಧದ ಅಗತ್ಯವೂ ಹೆಚ್ಚಾಗಿ ತಗ್ಗಿದವು. 1985ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಇದನ್ನು ಪ್ರಕಟಿಸಿತು. ಔಷಧ ಬಿಡಿರೆಂದು ಅದು ಹೇಳಲಿಲ್ಲವೆಂಬುದನ್ನು ಮರೆಯಬಾರದು. 2001ರಲ್ಲಿ ಅದೇ ಪತ್ರಿಕೆಯಲ್ಲಿ ಇಟಲಿಯ ಬರ್ನಾರ್ಡಿ ಮತ್ತು ಸಂಗಡಿಗರು ಇನ್ನೊಂದು ಸಂಗತಿಯನ್ನು ತಿಳಿಸಿದರು. ಕ್ರೈಸ್ತರ ಜಪಮಾಲೆಯ ಪ್ರಾರ್ಥನೆಯಾಗಲಿ ಬೌದ್ಧರ ಮಂತ್ರವಾಗಲಿ, ಆವರ್ತಿಸುವಾಗ ಉಸಿರು ತಾನಾಗಿ ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯುತ್ತದೆ. ಆಗ ರಕ್ತದೊತ್ತಡವನ್ನು ಸಮತೋಲನದಲ್ಲಿಡುವ ದೇಹದ ವ್ಯವಸ್ಥೆ ಹೆಚ್ಚು ಚುರುಕಾಗುತ್ತದೆ.

ಆರು ಉಸಿರು ಸಾಕಾಗುವುದೇ ಎಂದು ಕೇಳುವವರಿಗೆ ಸಣ್ಣದೊಂದು ಲೆಕ್ಕ. ಸಾಮಾನ್ಯ ಉಸಿರೊಂದಕ್ಕೆ ಸುಮಾರು 500 ಮಿಲಿಲೀಟರ್ ಗಾಳಿ. ಅದರಲ್ಲಿ 150ರಷ್ಟು ಗಂಟಲು, ಶ್ವಾಸನಾಳಗಳಲ್ಲೇ ಉಳಿದು ವ್ಯರ್ಥವಾಗುತ್ತದೆ. ನಿಮಿಷಕ್ಕೆ 15 ಉಸಿರಾದರೆ ಒಳಗೆಳೆದದ್ದು 7.5 ಲೀಟರ್, ಪುಪ್ಪುಸದ ಆಳಕ್ಕೆ ಮುಟ್ಟಿದ್ದು 5.25. ಒಂದೊಂದು ಲೀಟರಿನ ಆರು ನಿಧಾನವಾದ ಉಸಿರುಗಳಾದರೆ ಎಳೆದದ್ದು 6 ಲೀಟರ್, ಮುಟ್ಟಿದ್ದು 5.1. ಪ್ರಯೋಜನ ಹೆಚ್ಚುಕಡಿಮೆ ಅಷ್ಟೇ, ದುಡಿಮೆಯ ಗಾಳಿ ಒಂದೂವರೆ ಲೀಟರ್ ಕಡಿಮೆ. ಯಂತ್ರವಾಗಿದ್ದರೆ ಇದನ್ನು ದಕ್ಷತೆಯ ಹೆಚ್ಚಳ ಎನ್ನುತ್ತಿದ್ದರು. ಆದರೆ ಅವಸರ ಸಲ್ಲದು. ಸಿಂಹ, ಆನೆ, ಹುಲಿಗಳನ್ನು ಪಳಗಿಸುವಂತೆ ವಾಯುವನ್ನು ಮೆಲ್ಲಮೆಲ್ಲನೆ ವಶಪಡಿಸಿಕೊಳ್ಳಬೇಕೆಂದು ಹಠಯೋಗಪ್ರದೀಪಿಕೆ ಎಚ್ಚರಿಸಿದೆ. ಹೃದ್ರೋಗ, ರಕ್ತದೊತ್ತಡ ಉಳ್ಳವರು ವೈದ್ಯರನ್ನು ಕೇಳದೆ ಕುಂಭಕಕ್ಕೆ ಕೈಹಾಕಬಾರದು.

ಇನ್ನು ಪಟಾನ್‌ಚೆರುವಿನ ಮಾತು. ದಿನದ 21,600 ಉಸಿರುಗಳ ಗಾಳಿ ಒಟ್ಟು 10,800 ಲೀಟರ್. ಕಳೆದ ಶತಮಾನದ ಎಪ್ಪತ್ತರ ದಶಕದಿಂದ ಇಲ್ಲಿ ಬೆಳೆದ ಕೈಗಾರಿಕೆಗಳು ಸಾವಿರಾರು ಮನೆಗಳಿಗೆ ಅನ್ನ ಕೊಟ್ಟಿವೆ. ಆ ಗಾಳಿಗೆ ತಮ್ಮ ಪಾಲನ್ನೂ ಸೇರಿಸಿವೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2009ರಲ್ಲಿ ಗಾಳಿ, ನೀರು, ನೆಲ ಮೂರನ್ನೂ ಅಳೆದು ದೇಶದ ಕೈಗಾರಿಕಾ ವಲಯಗಳಿಗೆ ಅಂಕ ಕೊಟ್ಟಾಗ, ಪಟಾನ್‌ಚೆರು–ಬೊಲ್ಲಾರಂ 70ನ್ನು ದಾಟಿ ತೀವ್ರ ಮಲಿನ ಪ್ರದೇಶಗಳ ಪಟ್ಟಿಗೆ ಸೇರಿತು.

ಇಲ್ಲಿ ಒಂದು ಇಕ್ಕಟ್ಟು ಎದುರಾಗುತ್ತದೆ. ಪ್ರಾತಃಸಂಧ್ಯೆಗೆ ಅರುಣೋದಯವೇ ಶ್ರೇಷ್ಠ ಕಾಲ. ಆದರೆ ಚಳಿಗಾಲದಲ್ಲಿ ನೆಲದ ಬಳಿಯ ತಣ್ಣನೆಯ ಗಾಳಿಯ ಮೇಲೆ ಬೆಚ್ಚನೆಯ ಪದರವೊಂದು ಮುಚ್ಚಳದಂತೆ ಕುಳಿತು, ರಾತ್ರಿಯ ಹೊಗೆಯೆಲ್ಲ ಬೆಳಗಿನವರೆಗೂ ಕೆಳಗೇ ನಿಲ್ಲುತ್ತದೆ. ವಿಧಿಯನ್ನು ರೂಪಿಸಿದವರ ಕಾಲದಲ್ಲಿ ಚಿಮಣಿಗಳಿರಲಿಲ್ಲ. ಆದ್ದರಿಂದ ಮಾರ್ಗಶಿರ, ಪುಷ್ಯಗಳ ಮುಂಜಾನೆಯಲ್ಲಿ ಮಹಡಿಯ ಮೇಲೆ ಕುಳಿತು ದೀರ್ಘವಾಗಿ ಗಾಳಿ ಎಳೆಯುವುದಕ್ಕಿಂತ, ಸಂಧ್ಯೆಯನ್ನು ಕಿಟಕಿ ಮುಚ್ಚಿದ ದೇವರ ಕೋಣೆಯಲ್ಲಿ ಸಂಕ್ಷಿಪ್ತವಾಗಿ ಮುಗಿಸಿ, ದೀರ್ಘ ಅಭ್ಯಾಸವನ್ನು ಬಿಸಿಲೇರಿದ ಮೇಲೆ ಇಟ್ಟುಕೊಳ್ಳುವುದು ಉಬ್ಬಸವುಳ್ಳವರಿಗೂ ವೃದ್ಧರಿಗೂ ಕ್ಷೇಮ. ನೆಲ ಕಾದು ಗಾಳಿ ಮೇಲೇರಿ ಹೊಗೆ ಚದುರುವುದು ಸುಮಾರು ಮಧ್ಯಾಹ್ನದ ಹೊತ್ತಿಗೆ. ಆ ಹೊತ್ತಿಗೂ ಹಿರಿಯರು ಒಂದು ಸಂಧ್ಯೆಯನ್ನೂ ಅದರೊಳಗೊಂದು ಪ್ರಾಣಾಯಾಮವನ್ನೂ ವಿಧಿಸಿದ್ದಾರೆ. ನೌಕರಿಗೆ ಸೇರಿದ ದಿನದಿಂದ ಬಹುಮಂದಿ ಬಿಟ್ಟಿರುವುದು ಆ ಮಾಧ್ಯಾಹ್ನಿಕವನ್ನೇ.