ಹದಿಮೂರು ಅಕ್ಷರದ ಶಬ್ದ

ಬನಹಟ್ಟಿಯ ನಮ್ಮ ಮನೆಯಲ್ಲಿ ಮಗ್ಗದ ಸಪ್ಪಳ ನಿಲ್ಲುತ್ತಿದ್ದುದು ಅಮಾವಾಸ್ಯೆಗೆ ಮಾತ್ರ. ಆ ಸಪ್ಪಳದಲ್ಲೇ ಕುಳಿತು ನಮ್ಮಕ್ಕ 1981ರಲ್ಲಿ ಎಸ್.ಎಸ್.ಎಲ್.ಸಿ.ಗೆ ಓದಿದಳು. ಇಂಗ್ಲಿಷ್ ಸಾಲಿನ ಮೇಲೆ ಪೆನ್ಸಿಲಿನಿಂದ ಕನ್ನಡದಲ್ಲಿ ಉಚ್ಚಾರ ಬರೆದುಕೊಳ್ಳುವುದು ಅವಳ ರೂಢಿ, ನೀವೂ ಬರೆದುಕೊಂಡಿರಬಹುದು. ಒಂದು ಕಡೆ ‘ಅನ್ಫಾರ್ಚುನೇಟ್ಲಿ’ ಎಂದಿತ್ತು. ತರಗತಿಯಲ್ಲಿ ಓದಲು ನಿಂತಾಗ ಒತ್ತಕ್ಷರ ಹಿಡಿದು ‘ಅ-ನ್ಫಾ-ರ್ಚು’ ಎಂದು ಒಡೆದಳು. ಎಲ್ಲರೂ ನಕ್ಕರು, ಗುರುಗಳೂ ನಕ್ಕರು. ಆಮೇಲೆ ಅವಳು ಬಾಯಿಬಿಟ್ಟು ಇಂಗ್ಲಿಷ್ ಓದಲಿಲ್ಲ. ಅದೊಂದೇ ವಿಷಯದಲ್ಲಿ ನಾಪಾಸಾಗಿ ಕಂಡಿಕೆ ಸುತ್ತಲು ಕುಳಿತಳು.

ಅವಳು ತಪ್ಪಿದ್ದೆಲ್ಲಿ ಎಂಬುದು ನನಗೆ ತಿಳಿದದ್ದು ಬಿ.ಎಡ್. ಮುಗಿಸಿ, ಬೀಳಗಿ ಕಡೆ ಕನ್ನಡ, ಇಂಗ್ಲಿಷ್ ಎರಡನ್ನೂ ಕಲಿಸತೊಡಗಿದ ಮೇಲೆ. ಆ ಶಬ್ದ ಬರೆಯಲು ಇಂಗ್ಲಿಷಿನಲ್ಲಿ ಹದಿಮೂರು ಅಕ್ಷರ ಬೇಕು. ನಾಲಗೆಗೆ ಐದೇ ತುಂಡು: ಅನ್, ಫಾರ್, ಚು, ನೇಟ್, ಲಿ. ಕನ್ನಡದ ಬರಹ ವ್ಯಂಜನವನ್ನು ಮುಂದಿನ ಅಕ್ಷರಕ್ಕೆ ಒತ್ತಾಗಿ ಅಂಟಿಸುತ್ತದೆ. ಇಂಗ್ಲಿಷಿನ ಬಾಯಿ ಅದನ್ನು ಹಿಂದಿನ ತುಂಡಿನಲ್ಲೇ ಬಿಡುತ್ತದೆ. ಅಕ್ಕ ಕನ್ನಡದ ಕ್ರಮದಲ್ಲಿ ಸರಿಯಾಗಿಯೇ ಒಡೆದಿದ್ದಳು.

ಈ ಶಬ್ದದ ಹುಟ್ಟೂ ಚೆಂದವಿದೆ. ನಡುವಿನ ಭಾಗ ಲ್ಯಾಟಿನ್ನಿನ ‘ಫೋರ್ಟೂನಾ’ದಿಂದ ಬಂತು, ರೋಮನ್ನರ ಅದೃಷ್ಟದೇವತೆಯ ಹೆಸರೂ ಅದೇ. ಮುಂದಿನ ‘ಅನ್’, ಹಿಂದಿನ ‘ಲಿ’ ಇಂಗ್ಲಿಷಿನ ಮನೆಯವೇ. ಈ ‘ಲಿ’ಯ ಮೂಲರೂಪಕ್ಕೆ ಬಹಳ ಹಿಂದೆ ‘ಮೈ’ ಎಂಬ ಅರ್ಥವಿತ್ತು. ಸವೆದು ಸವೆದು ಪ್ರತ್ಯಯವಾಯಿತು. ನಾವೂ ‘ದುರದೃಷ್ಟದಿಂದ’ ಎನ್ನುವಾಗ ಸಂಸ್ಕೃತದ ಶಬ್ದಕ್ಕೆ ಕನ್ನಡದ ‘ಇಂದ’ ಹಚ್ಚುತ್ತೇವಲ್ಲ! ಬರೆಯುವುದು ‘ಟು’, ಅನ್ನುವುದು ‘ಚು’ ಏಕೆಂದು ಮಕ್ಕಳು ಕೇಳಿದರೆ, ನಮ್ಮ ‘ನಿತ್ಯ’ ಹಳಗನ್ನಡದಲ್ಲಿ ‘ನಿಚ್ಚ’ ಆದದ್ದನ್ನು ತೋರಿಸುತ್ತೇನೆ.

ಮುಧೋಳ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನನ ಊರು. ಅವನ ಕಂದಪದ್ಯಕ್ಕೆ ಲಘು-ಗುರು ಹಾಕುವ ನಮ್ಮ ಹುಡುಗಿಯರಿಗೆ ಶಬ್ದ ಒಡೆಯುವುದು ಹೊಸದಲ್ಲ. ಆದರೆ ಗುರು ಎಂದರೆ ಕಾಲದ ಅಳತೆ. ಇಂಗ್ಲಿಷಿನದು ಉಸಿರಿನ ಒತ್ತು. ಅದು ‘ಫಾರ್’ ಮೇಲೆ ಬೀಳುತ್ತದೆ, ಉಳಿದವು ಕುಗ್ಗುತ್ತವೆ. ‘ನೇಟ್’ ಬಾಯಲ್ಲಿ ‘ನಟ್’ ಆಗಿಬಿಡುತ್ತದೆ. ಪೆನ್ಸಿಲಿನ ಕನ್ನಡದಲ್ಲಿ ಇದು ಕಾಣುವುದೇ ಇಲ್ಲ.

ಜಮಖಂಡಿಯಲ್ಲಿ 1886ರಲ್ಲಿ ಹುಟ್ಟಿದ ಗುರುದೇವ ರಾನಡೆಯವರು 1902ರಲ್ಲಿ ಮೆಟ್ರಿಕ್ ಮುಗಿಸಿ, 1926ರ ಹೊತ್ತಿಗೆ ಉಪನಿಷತ್ತಿನ ಮೇಲೆ ಇಂಗ್ಲಿಷಿನಲ್ಲೇ ದೊಡ್ಡ ಗ್ರಂಥ ಬರೆದಿದ್ದರು. ಇದನ್ನು ನಮ್ಮ ಭಾಗದಲ್ಲಿ ಅಭಿಮಾನದಿಂದ ಹೇಳುತ್ತಾರೆ, ನಾನೂ ಹೇಳುತ್ತೇನೆ. ಅದೇ ಸೀಮೆಯ ನೇಕಾರರ ಹುಡುಗಿಗೆ ಐದನೆಯ ಇಯತ್ತೆಯಲ್ಲಿ ಎಬಿಸಿಡಿ ಶುರುವಾಗುತ್ತಿತ್ತು. ಸರಕಾರಿ ಕನ್ನಡ ಶಾಲೆಗಳಲ್ಲಿ ಒಂದನೆಯ ತರಗತಿಗೇ ಇಂಗ್ಲಿಷ್ ಬಂದದ್ದು 2007ರಲ್ಲಿ.

ಮೊನ್ನೆ ಅಕ್ಕನ ಮೊಮ್ಮಗಳಿಗೆ ಇದೇ ಶಬ್ದವನ್ನು ಚಪ್ಪಾಳೆ ತಟ್ಟಿ, ಎರಡನೆಯದನ್ನು ಜೋರಾಗಿ ತಟ್ಟಿ ಹೇಳಿಕೊಡುತ್ತಿದ್ದೆ. ಅಕ್ಕ ರಾಟಿ ನಿಲ್ಲಿಸಿ ಕೇಳುತ್ತಿದ್ದಳು.

“ಇಷ್ಟ ಇತ್ತೇನ ಇದು?” ಎಂದಳು. “ಆವಾಗ ಯಾರೂ ಹೇಳಲಿಲ್ಲಲ್ಲ.”

ಮತ್ತೆ ರಾಟಿ ತಿರುಗಿಸಿದಳು.