ಕತ್ತಲ ಪೆಟ್ಟಿಗೆ, ಸ್ಪಂಜು ಮತ್ತು ನಮ್ಮ ಸುರಪುರದ ಬಾವಿ

ಮೊದಲೇ ತಪ್ಪೊಪ್ಪಿಕೊಂಡುಬಿಡ್ತೀನಿ. ಹೋದ ವರ್ಷ ನಾನು ಒಂದಷ್ಟು ಪ್ರಾಣಿಗಳನ್ನು ಕೊಂದೆ. ಬೇಕಂತ ಅಲ್ಲ, ಸ್ವಚ್ಛ ಮಾಡುವ ಹುಮ್ಮಸ್ಸಿನಲ್ಲಿ.

ಬೆಂಗಳೂರಿನಲ್ಲಿ ನನ್ನ ಗೆಳೆಯನ ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇದೆ. ಸುಮ್ಮನೆ ಮೀನಿನ ತೊಟ್ಟಿಯಲ್ಲ, ಹವಳದ ದಿಬ್ಬದ ಒಂದು ತುಣುಕನ್ನು ಗಾಜಿನೊಳಗೆ ಕೂರಿಸಿದ ಹಾಗೆ. (ನಮ್ಮ ಕಡಲಿನ ಗಟ್ಟಿ ಹವಳಕ್ಕೆ ಕೈ ಹಚ್ಚುವ ಹಾಗಿಲ್ಲ, 2001ರಿಂದ ವನ್ಯಜೀವಿ ಕಾಯಿದೆ ಹುಲಿಗೆ ಕೊಟ್ಟ ರಕ್ಷಣೆಯನ್ನೇ ಅದಕ್ಕೂ ಕೊಟ್ಟಿದೆ. ಇವನ ಹತ್ತಿರ ಇರುವುದು ತೊಟ್ಟಿಯಲ್ಲೇ ತುಂಡು ಮಾಡಿ ಬೆಳೆಸಿದ ಮೆತ್ತನೆ ಹವಳ.) ಅವನು ಮೂರು ವಾರ ಹೊರಗೆ ಹೋಗುವಾಗ ಬೀಗದ ಕೈ ನನಗೆ ಕೊಟ್ಟು ಹೋದ. ದಿನಾ ಚಿಟಿಕೆ ಆಹಾರ ಹಾಕು, ಆವಿಯಾದಷ್ಟು ಆರ್‌ಓ ನೀರು ತುಂಬು, ಅಷ್ಟೇ ಕೆಲಸ ಅಂದಿದ್ದ.

ತೊಟ್ಟಿಯ ಕೆಳಗಿನ ಕಪಾಟಿನಲ್ಲಿ ಒಂದು ಸಂಪ್ ಇತ್ತು. ನಮ್ಮ ಮನೆಗಳ ಸಂಪಿನ ಹಾಗೇ, ಆದರೆ ಗಾಜಿನದು. ಅದರಲ್ಲಿ ಒಂದು ಅಂಕಣಕ್ಕೆ ಮಾತ್ರ ನಾಲ್ಕೂ ಕಡೆ ಕಪ್ಪು ಬಣ್ಣ ಬಳಿದು ಮೇಲೆ ಮುಚ್ಚಳ ಹಾಕಿದ್ದ. ತೆಗೆದು ನೋಡಿದರೆ ಒಳಗೆ ತೂತುತೂತಾದ ಕಲ್ಲಿನ ಚೂರುಗಳು, ಅವುಗಳ ಮೇಲೆಲ್ಲ ಹಳದಿ, ಬೂದಿ, ಬಿಳಿ ಬಣ್ಣದ ಲೋಳೆ ಲೋಳೆ ಗಂಟುಗಳು. ಛೀ, ಇಷ್ಟು ಖರ್ಚು ಮಾಡಿ ಕೆಳಗೆ ಕೊಳೆ ಇಟ್ಟುಕೊಂಡಿದ್ದಾನಲ್ಲ ಅನ್ನಿಸಿತು. ಭಾನುವಾರ ಕೂತು ಒಂದೊಂದೇ ಕಲ್ಲು ಹೊರಗೆ ತೆಗೆದು, ನಲ್ಲಿ ನೀರು ಬಿಟ್ಟು, ಬಟ್ಟೆ ಬ್ರಷ್‌ನಿಂದ ತಿಕ್ಕಿ ತೊಳೆದು ವಾಪಸ್ ಜೋಡಿಸಿದೆ. ನನ್ನ ಕೆಲಸಕ್ಕೆ ನಾನೇ ಶಭಾಷ್ ಅಂದುಕೊಂಡೆ :-)

ಮೂರನೇ ದಿನ ನೀರು ಹಾಲು ಬೆರೆಸಿದ ಹಾಗಾಯಿತು. ಮನೆ ತುಂಬ ನಾತ. ಎರಡು ಮೀನು ಹೋದವು. ಫೋನಿನಲ್ಲಿ ಗೆಳೆಯ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ್ದು ಇಷ್ಟೇ: "ಅದು ಕೊಳೆ ಅಲ್ವೋ ಮಾರಾಯ, ಅದೇ ಫಿಲ್ಟರು."

ನಾನು ತಿಕ್ಕಿ ತೆಗೆದದ್ದು ಜೀವಂತ ಸ್ಪಂಜುಗಳನ್ನು. ಇಂಥ ಅಂಕಣಕ್ಕೆ ರೆಫ್ಯೂಜಿಯಂ ಅಂತಾರೆ, ಆಸರೆಯ ತಾವು. ಸಾಮಾನ್ಯವಾಗಿ ಅದಕ್ಕೆ ದೀಪ ಹಾಕಿ ಕಡಲ ಪಾಚಿ ಬೆಳೆಸುತ್ತಾರೆ. ಕತ್ತಲೆಯಲ್ಲಿ ಸ್ಪಂಜು ಬೆಳೆಸುವ ಪದ್ಧತಿಯನ್ನು 2000ದ ಆಸುಪಾಸಿನಲ್ಲಿ ಪ್ರಚಾರ ಮಾಡಿದವನು ಅಮೆರಿಕದ ಸ್ಟೀವ್ ಟೈರಿ ಎಂಬ ಹವ್ಯಾಸಿ. ಕಟ್ಟುವುದು ಸುಲಭ, ಕಾಯುವುದೇ ಕಷ್ಟ. ರಂಧ್ರವಿರುವ ಕಲ್ಲುಗಳನ್ನು ತಳಕ್ಕೆ ಅಂಟದ ಹಾಗೆ ಸ್ವಲ್ಪ ಎತ್ತರಿಸಿ ಒಂದರ ಮೇಲೊಂದು ಸಡಿಲವಾಗಿ ಪೇರಿಸಬೇಕು. ಬೆಳಕು ಬೀಳಬಾರದು, ಬಿದ್ದರೆ ಪಾಚಿ ಬಂದು ಸ್ಪಂಜನ್ನು ಮುಚ್ಚಿಬಿಡುತ್ತದೆ. ದೊಡ್ಡ ತೊಟ್ಟಿಯ ನೀರು ನಿಧಾನವಾಗಿ ಇದರೊಳಗೆ ಹಾದು ಹೋಗಬೇಕು. ಮತ್ತೆ ಆ ನೀರನ್ನು ಮೊದಲೇ ಬಟ್ಟೆಯಲ್ಲಿ ಸೋಸಿ ಕಳಿಸಬಾರದು, ಯಾಕೆಂದರೆ ಸ್ಪಂಜಿಗೆ ಅದೇ ಊಟ. ಕಲ್ಲಿನ ಜೊತೆ ಕಣ್ಣಿಗೆ ಕಾಣದೆ ಬಂದ ಚೂರುಗಳೇ ಎಂಟು ಹತ್ತು ತಿಂಗಳಲ್ಲಿ ತಾವಾಗಿ ಹರಡುತ್ತವೆ. ಒಮ್ಮೆ ಹರಡಿದ ಮೇಲೆ ನೀರಿನಿಂದ ಮೇಲೆತ್ತಬಾರದು. ಮೈಯ ಕಾಲುವೆಗಳಲ್ಲಿ ಗಾಳಿ ಸಿಕ್ಕಿಕೊಂಡರೆ ಆ ಭಾಗ ಸಾಯುತ್ತದೆ, ಸತ್ತದ್ದು ಕೊಳೆತು ಉಳಿದದ್ದನ್ನೂ ಕೆಡಿಸುತ್ತದೆ. ನಾನು ಎಲ್ಲವನ್ನೂ ಒಂದೇ ಭಾನುವಾರದಲ್ಲಿ ಮಾಡಿ ಮುಗಿಸಿದ್ದೆ.

ಅಪರಾಧಿ ಭಾವ ಅನ್ನೋದು ಮನುಷ್ಯನಿಂದ ಏನೇನೋ ಓದಿಸುತ್ತದೆ ನೋಡಿ. ಅಕ್ವೇರಿಯಂ ಚರಿತ್ರೆ ತೆಗೆದರೆ ಎಲ್ಲರೂ ಲಂಡನ್ನಿನ ರಾಬರ್ಟ್ ವಾರಿಂಗ್ಟನ್ ಹೆಸರಿನಿಂದ ಶುರು ಮಾಡ್ತಾರೆ. ರಸಾಯನಶಾಸ್ತ್ರಜ್ಞ. 1849ರಲ್ಲಿ ಗಾಜಿನ ಪಾತ್ರೆಯಲ್ಲಿ ಚಿನ್ನದ ಮೀನು, ನೀರುಗಿಡ ಹಾಕಿ ಇಟ್ಟ. ಎಲೆ ಕೊಳೆತು ನೀರು ಕೆಡಲು ಶುರುವಾದಾಗ ಅದನ್ನು ತಿನ್ನಲು ಬಸವನಹುಳು ತಂದು ಬಿಟ್ಟ. ನೀರು ಬದಲಿಸದೆ ಎಲ್ಲ ಬದುಕಿದವು. 1850ರಲ್ಲಿ ಇದನ್ನು ಕೆಮಿಕಲ್ ಸೊಸೈಟಿಯ ಮುಂದಿಟ್ಟ. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಮೀನುಮನೆ ತೆರೆಯಿತು, 1854ರಲ್ಲಿ ಫಿಲಿಪ್ ಗಾಸ್ ಪುಸ್ತಕ ಬರೆದು 'ಅಕ್ವೇರಿಯಂ' ಎಂಬ ಹೆಸರನ್ನು ಮನೆಮಾತು ಮಾಡಿದ. ಬೆಳಕು, ಗಿಡ, ಪ್ರಾಣಿ, ಈ ಮೂರು ಕೂಡಿದರೆ ನೀರು ತಾನೇ ಚೊಕ್ಕಟವಾಗಿರುತ್ತದೆ ಎಂಬ ಲೆಕ್ಕ ಅಂದಿನಿಂದ ಗಟ್ಟಿಯಾಯಿತು. ಬಸವನಹುಳುವಿನ ಪಾಲು ಅಡಿಟಿಪ್ಪಣಿಗೆ ಹೋಯಿತು. ನನ್ನ ತಕರಾರು ಇಲ್ಲೇ. ಕತ್ತಲೆಗೆ ಆ ಲೆಕ್ಕದಲ್ಲಿ ಜಾಗವೇ ಇರಲಿಲ್ಲ.

ಆದರೆ ಅದೇ 1849ರಲ್ಲಿ ಮುಂಬಯಿಯಲ್ಲಿ ಹೆನ್ರಿ ಜಾನ್ ಕಾರ್ಟರ್ ಎಂಬ ಮಿಲಿಟರಿ ಡಾಕ್ಟರು ಅಲ್ಲಿನ ಕೆರೆಗಳ ಸಿಹಿನೀರು ಸ್ಪಂಜುಗಳ ವರ್ಣನೆ ಪ್ರಕಟಿಸಿದ್ದ. ಹೌದು, ಸ್ಪಂಜು ಕಡಲಿನಲ್ಲಷ್ಟೇ ಅಲ್ಲ, ಕೆರೆ ಬಾವಿಗಳಲ್ಲೂ ಇದೆ. ನನಗೂ ಗೊತ್ತಿರಲಿಲ್ಲ. ಸ್ಪಂಜಿನ ಮೈಯಿಂದ ನೀರು ಹೊರಚಿಮ್ಮುವುದನ್ನು ಎಡಿನ್‌ಬರೋದ ರಾಬರ್ಟ್ ಗ್ರಾಂಟ್ 1825ರಲ್ಲೇ ಕಂಡಿದ್ದ. ಕಾರ್ಟರ್ ಒಂದು ಹೆಜ್ಜೆ ಮುಂದೆ ಹೋಗಿ, ಸ್ಪಂಜಿಗೆ ಕೆಂಪು ಬಣ್ಣದ ಪುಡಿ ಉಣಿಸಿ ಯಾವ ಕಣಗಳು ಅದನ್ನು ನುಂಗುತ್ತವೆ ಅಂತ ಸೂಕ್ಷ್ಮದರ್ಶಕದಲ್ಲಿ ನೋಡಿದ. ಬೇಸಿಗೆಯಲ್ಲಿ ಕೆರೆ ಒಣಗಿದಾಗ ಸ್ಪಂಜು ಸಾಯುತ್ತದೆ, ಆದರೆ ರಾಗಿಕಾಳಿಗಿಂತ ಸಣ್ಣ ಬೀಜದಂಥ ಗುಳಿಗೆಗಳನ್ನು ಬಿಟ್ಟು ಹೋಗುತ್ತದೆ. ಮಳೆ ಬಂದು ನೀರು ನಿಂತರೆ ಅವು ಮತ್ತೆ ಮೊಳೆಯುತ್ತವೆ. ನಮ್ಮ ದೇಶದ ಕೆರೆಗಳಲ್ಲಿ ಸಾಮಾನ್ಯವಾದ ಒಂದು ಸ್ಪಂಜಿಗೆ 1863ರಲ್ಲಿ ಬೋವರ್‌ಬ್ಯಾಂಕ್ ಕಾರ್ಟರನ ಹೆಸರನ್ನೇ ಇಟ್ಟ.

ಈಗ ನಮ್ಮೂರಿಗೆ ಬರ್ತೀನಿ. ಮುಂಬಯಿಯ ರಾಯಲ್ ಏಷ್ಯಾಟಿಕ್ ಸೊಸೈಟಿ ಶಾಖೆಯ ಪತ್ರಿಕೆಯಲ್ಲಿ ಕಾರ್ಟರ್ ಭೂಗರ್ಭದ ಬಗ್ಗೆ ಉದ್ದುದ್ದ ಲೇಖನ ಬರೆಯುತ್ತಿದ್ದ ವರ್ಷಗಳಲ್ಲೇ, ಅದೇ ಪತ್ರಿಕೆಯಲ್ಲಿ ಸುರಪುರ ಸೀಮೆಯ ಶಿಲಾಗೋರಿಗಳ ಬಗ್ಗೆ ಇನ್ನೊಬ್ಬ ಬರೆಯುತ್ತಿದ್ದ. ಮೆಡೋಸ್ ಟೇಲರ್! ನಮ್ಮ ಕಡೆ ಟೇಲರ್ ಸಾಹೇಬ ಅಂದರೆ ಗೊತ್ತಿಲ್ಲದವರಿಲ್ಲ. ರಾಜಾ ವೆಂಕಟಪ್ಪ ನಾಯಕರು ಚಿಕ್ಕವರಿದ್ದಾಗ, 1841ರಿಂದ 1853ರವರೆಗೆ ಸುರಪುರದ ಆಡಳಿತ ನೋಡಿದವನು. ಗುಡ್ಡದ ಮೇಲೆ ಅವನ ಟೇಲರ್ ಮಂಜಿಲ್ ಇದೆ. ಪಾಮನಾಯಕರ ಕಾಲದ ಬೋನಾಳ ಕೆರೆಯನ್ನು ದೊಡ್ಡದು ಮಾಡಿಸಿದ್ದೂ ಅವನೇ. ಅಲ್ಲಿಗೆ ಬರುವ ಹಕ್ಕಿಗಳ ಫೋಟೋ ನೀವೂ ನೋಡಿರ್ತೀರಿ. ಒಬ್ಬ ಕೆರೆಯ ಏರಿ ನೋಡಿದ, ಇನ್ನೊಬ್ಬ ಕೆರೆಯೊಳಗಿನ ಕಲ್ಲಿನ ಅಡಿ ನೋಡಿದ. ಇಬ್ಬರೂ ಒಂದೇ ಪತ್ರಿಕೆಯ ಲೇಖಕರು. ಟೇಲರ್ ಬೋನಾಳದ ಒಂದು ಕಲ್ಲು ಮಗುಚಿ ನೋಡಿದ್ದರೆ ಅಂತ ನನಗೆ ಆಸೆ, ಅಷ್ಟೇ. ರಾಜರ ಕತೆ 1858ರಲ್ಲಿ ದುಃಖದಲ್ಲಿ ಮುಗಿಯಿತು, ಅದನ್ನು ಇಲ್ಲಿ ಎಳೆಯುವುದಿಲ್ಲ, ಅದಕ್ಕೆ ಬೇರೆಯೇ ಬರೆಯಬೇಕು.

ಕತ್ತಲ ಪೆಟ್ಟಿಗೆಯ ನಿಜವಾದ ಪೂರ್ವಜ ನನಗೆ ಸಿಕ್ಕಿದ್ದು ಅಕ್ವೇರಿಯಂ ಪುಸ್ತಕಗಳಲ್ಲಲ್ಲ, ಊರಿನ ನಳದ ಪೈಪುಗಳಲ್ಲಿ. 1881ರಲ್ಲಿ ಅಮೆರಿಕದ ಬಾಸ್ಟನ್ ಊರಿನ ಕುಡಿಯುವ ನೀರು ಸೌತೆಕಾಯಿ ವಾಸನೆ ಹೊಡೆಯತೊಡಗಿತು. ಪರೀಕ್ಷೆಗೆ ಕರೆದದ್ದು ಇರಾ ರೆಮ್ಸನ್ ಅವರನ್ನು. (ಸ್ಯಾಕರಿನ್ ಕಂಡುಹಿಡಿದ ಪ್ರಯೋಗಾಲಯದ ಯಜಮಾನರು, ರುಚಿಯ ಪಂಚಾಯಿತಿಗೆ ಸರಿಯಾದ ಆಳು!) ಕೆರೆಯಲ್ಲಿ ಸತ್ತು ಕೊಳೆಯುತ್ತಿರುವ ಸಿಹಿನೀರು ಸ್ಪಂಜೇ ಕಾರಣ ಅಂತ ಅವರು ವರದಿ ಕೊಟ್ಟರು. ಅಂಥ ವಾಸನೆ ಬೇರೆ ಸೂಕ್ಷ್ಮಜೀವಿಗಳಿಂದಲೂ ಬರುತ್ತದೆ ಅಂತ ಆಮೇಲೆ ಗೊತ್ತಾಯಿತು. ಅದೇನೇ ಇರಲಿ, ಗೆಳೆಯನ ಮನೆಯ ನಾತ ನೆನಪಾಗಿ ನನಗೆ ಆ ವರದಿಯ ಮಾತು ನಂಬಲು ಕಷ್ಟವಾಗಲಿಲ್ಲ.

ಜರ್ಮನಿಯ ಹ್ಯಾಂಬರ್ಗಿನದು ಇನ್ನೂ ಸ್ವಾರಸ್ಯ. ಆ ಊರು ನದಿಯ ನೀರನ್ನು ಸೋಸದೆ ಪೈಪಿಗೆ ಬಿಡುತ್ತಿತ್ತು. 1885ರಲ್ಲಿ ಕಾರ್ಲ್ ಕ್ರೇಪೆಲಿನ್ ಆ ಪೈಪುಗಳ ಒಳಗೆ ಏನಿದೆ ಅಂತ ಹುಡುಕಿದರೆ ಒಂದು ಕಾಡೇ ಇತ್ತು. ಸ್ಪಂಜು, ಪಾಚಿಯ ಹಾಗೆ ಕಾಣುವ ಬ್ರಯೋಜೋವ ಎಂಬ ಪ್ರಾಣಿ, ಬಸವನಹುಳು, ಹಾವುಮೀನು. ಬೆಳಕಿನ ಒಂದು ಕಿರಣವೂ ಇಲ್ಲದ ಕಬ್ಬಿಣದ ಕೊಳವೆಯೊಳಗೆ! ಹರಿದು ಬರುವ ಕಸವೇ ಎಲ್ಲರಿಗೂ ಅನ್ನ. 1892ರಲ್ಲಿ ಅಲ್ಲಿ ಕಾಲರಾ ಬಂದು ಸಾವಿರಾರು ಜನ ಸತ್ತ ಮೇಲೆ, 1893ರಲ್ಲಿ ಮರಳಿನ ಸೋಸುಗುಂಡಿಗಳು ಬಂದವು. ಸೋಸಿದ ನೀರಿನಲ್ಲಿ ಉಣ್ಣಲು ಏನಿರುತ್ತದೆ? ಪೈಪಿನ ಕಾಡು ಹಸಿದು ಹೋಯಿತು. ಸ್ಪಂಜಿಗೆ ಹೋಗುವ ನೀರನ್ನು ಬಟ್ಟೆಯಲ್ಲಿ ಸೋಸಬೇಡ ಅಂತ ಗೆಳೆಯ ಹೇಳುವ ನಿಯಮ ಇದೇ. ಆದರೆ ಹ್ಯಾಂಬರ್ಗಿನವರು ಮಾಡಿದ್ದೂ ಸರಿಯೇ. ಸ್ಪಂಜು ಎಷ್ಟೇ ಬ್ಯಾಕ್ಟೀರಿಯಾ ನುಂಗಿದರೂ ಕಾಲರಾ ತಡೆಯುವ ಯಂತ್ರ ಅಲ್ಲ.

ವಿಜ್ಞಾನಿಗಳ ಮುದ್ರೆ ಬಿದ್ದದ್ದು ಇತ್ತೀಚೆಗೆ. ನೆದರ್ಲೆಂಡ್ಸಿನ ಯಾಸ್ಪರ್ ಡಿ ಗೂಯಿ ಮತ್ತು ಸಂಗಡಿಗರು 2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ತೋರಿಸಿದರು: ಹವಳದ ಸಂದುಗಳ ಕತ್ತಲೆಯಲ್ಲಿರುವ ಸ್ಪಂಜುಗಳು ನೀರಿನಲ್ಲಿ ಕರಗಿಹೋದ, ಬೇರೆ ಹೆಚ್ಚಿನ ಪ್ರಾಣಿಗಳಿಗೆ ದಕ್ಕದ ಆಹಾರವನ್ನು ಹೀರಿ, ತಮ್ಮ ಹಳೇ ಕೋಶಗಳನ್ನು ಕಣಕಣವಾಗಿ ಉದುರಿಸುತ್ತವೆ. ಅದನ್ನು ಹುಳುಹುಪ್ಪಟೆ ತಿನ್ನುತ್ತವೆ, ಅವನ್ನು ಮೀನು. ಒಂದು ಜಾತಿಯ ಸ್ಪಂಜಿನ ಸೋಸುವ ಕೋಶ ಐದೂವರೆ ಗಂಟೆಗೊಮ್ಮೆ ಎರಡಾಗುತ್ತದಂತೆ. ನಾನು ಕೊಳೆ ಅಂದುಕೊಂಡ ಆ ಲೋಳೆ!

ಯುಗಾದಿಗೆ ಊರಿಗೆ ಹೊರಟೆ. ಯಾದಗಿರಿಯಲ್ಲಿ ರೈಲಿಳಿದು, ಭೀಮಾ ದಾಟಿ, ಶಹಾಪುರದ ಮಲಗಿದ ಬುದ್ಧನ ಗುಡ್ಡ ನೋಡುತ್ತಾ ಬಸ್ಸಿನಲ್ಲಿ ಸುರಪುರ. ದಾರಿಯುದ್ದಕ್ಕೂ ನೆನಪಾಗುತ್ತಿದ್ದದ್ದು ನಮ್ಮ ಮನೆ ಹಿತ್ತಲ ಬಾವಿ. ಸಣ್ಣವನಿದ್ದಾಗ ಕೊಡ ತೆಗೆಯಲು ಇಳಿದರೆ ನೀರಿನ ಅಂಚಿನ ಕಲ್ಲುಗಳ ಅಡಿಯಲ್ಲಿ ಉಸುಕಿನ ಕಾಗದದಂಥ ಒಂದು ಬೂದಿ ಬಣ್ಣದ ಪದರ ಕೈಗೆ ತಾಗುತ್ತಿತ್ತು. ತಾಗಿದರೆ ಸಂಜೆವರೆಗೂ ತುರಿಕೆ. ಪಾಚಿ ಅಂತಿದ್ದೆವು. ಪಾಚಿ ಜಾರುತ್ತದೆ, ತುರಿಸುವುದಿಲ್ಲ. ಸಿಹಿನೀರು ಸ್ಪಂಜಿನ ಮೈಯಲ್ಲಿ ಗಾಜಿನ ಸೂಜಿಗಳಿರುತ್ತವೆ, ಮುಟ್ಟಿದರೆ ತುರಿಸುತ್ತದೆ. ಕಾರ್ಟರನನ್ನು ಓದುವಾಗ ನನ್ನ ಬೆರಳು ತಾನಾಗಿ ತುರಿಸಿತ್ತು.

ಮನೆಗೆ ಹೋದರೆ ಬಾವಿಯ ಪಕ್ಕ ಒಂದು ಟ್ರ್ಯಾಕ್ಟರ್ ಕಲ್ಲುಮಣ್ಣು ಬಿದ್ದಿತ್ತು. ಒಡೆದ ಗೋಡೆ, ಹಳೇ ಫರಸಿ ಚೂರು. (ಆ ಫರಸಿಯೂ ಹವಳ ಹುಟ್ಟುವುದಕ್ಕೆ ಮೊದಲಿನ ಯಾವುದೋ ಕಡಲಿನ ತಳದ ಕೆಸರೇ, ಭೀಮಾ ದಂಡೆಯ ಸುಣ್ಣಗಲ್ಲು.) ಅಣ್ಣ ಬಾವಿ ಮುಚ್ಚಿಸಿ ಗಾಡಿ ನಿಲ್ಲಿಸಲು ಜಾಗ ಮಾಡ್ತಾನಂತೆ.

"ನಳದ ನೀರು ಬಂದ ಮ್ಯಾಲ ಇದ್ರ ಕೆಲಸ ಮುಗೀತಲ್ಲೋ," ಅಂದ. "ಸಣ್ಣ ಹುಡುಗರು ಓಡ್ಯಾಡ್ತಾವ, ಬಿದ್ದರ ಯಾರು ನೋಡಬೇಕು?"

ಅವನ ಮಾತಿನಲ್ಲಿ ತಪ್ಪೇನಿಲ್ಲ. ಅವನ ಮಗಳಿಗೆ ಮೂರು ವರ್ಷ. ಸ್ಪಂಜು ಅದಾವ ಅಣ್ಣ, ಕತ್ತಲ್ಯಾಗ ನೀರು ಸೋಸ್ತಾವ ಅಂತ ಹೇಳಿದೆ. ಅವನು ಅತ್ತಿಗೆಯ ಮುಖ ನೋಡಿದ. ಪಾತ್ರೆ ತಿಕ್ಕೋ ಸ್ಪಂಜಾ ಅಂತ ಅವರು ಕೇಳಿದರು.

ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಹಗ್ಗ ಕಟ್ಟಿ ಇಳಿದೆ. ನೀರು ತಳಕ್ಕೆ ಹೋಗಿತ್ತು. ಮೊಬೈಲ್ ಬೆಳಕಿನಲ್ಲಿ ಹಳೇ ನೀರಿನ ಅಂಚಿನ ಒಂದು ಸಡಿಲ ಕಲ್ಲು ಹೊರಳಿಸಿದೆ. ಅಡಿಯಲ್ಲಿ ಒಣಗಿದ ಬೂದಿ ಪದರ, ಮುಟ್ಟಿದರೆ ಪುಡಿಯಾಗುವಂಥದ್ದು. ಅದರೊಳಗೆ ಹಳದಿ ಕಾಳುಗಳು, ಸಾಸಿವೆಗಿಂತ ಸಣ್ಣವು, ಗುಂಪು ಗುಂಪಾಗಿ. ಈ ಸಲ ಬ್ರಷ್ ಹಿಡಿಯಲಿಲ್ಲ. ಕಲ್ಲನ್ನು ಹಾಗೇ ಮಗುಚಿ ಇಟ್ಟು, ಒಂದು ಚಿಟಿಕೆ ಮಾತ್ರ ಕಾಗದದಲ್ಲಿ ಕಟ್ಟಿಕೊಂಡೆ.

ಅಣ್ಣನ ಹತ್ತಿರ ಮಾತಾಡಿ ಮುಂಗಾರಿನವರೆಗೆ ವಾಯಿದೆ ತೆಗೆದುಕೊಂಡಿದ್ದೇನೆ. ಬಾವಿಯ ಬಾಯಿಗೆ ಕಬ್ಬಿಣದ ಜಾಳಿಗೆ ಹಾಕಿಸುವ ಖರ್ಚು ನನ್ನದು. ಕಾಗದದ ಪೊಟ್ಟಣ ಈಗ ಗೆಳೆಯನ ಮನೆಯಲ್ಲಿದೆ. ಅವನ ಉಪ್ಪುನೀರಿಗೆ ಇದು ಆಗಿಬರುವುದಿಲ್ಲ, ಬೇರೆ ಡಬ್ಬಿಯಲ್ಲಿ ಸಿಹಿನೀರು ತುಂಬಿ, ಕಪ್ಪು ಬಣ್ಣ ಬಳಿದು ಇಟ್ಟಿದ್ದಾನೆ. ಮುಚ್ಚಳದ ಮೇಲೆ ನನ್ನ ಹೆಸರು ಬರೆದು, ಕೆಳಗೆ ದೊಡ್ಡದಾಗಿ 'ಮುಟ್ಟಬೇಡ' ಅಂತ ಬರೆದಿದ್ದಾನೆ.