ಹತ್ತೊಂಬತ್ತನೆಯ ಶತಮಾನದ ಬಸವಾಪಟ್ಟಣ ಪರಿಸರದಲ್ಲಿ ಹೆಣ್ಣುಮಕ್ಕಳ ನಡುವಣ ಕುಟುಂಬ ವಾರ್ತೆಯ ವಿನಿಮಯ

ಬಸವಾಪಟ್ಟಣವೆಂದೊಡನೆ ಇತಿಹಾಸದ ವಿದ್ಯಾರ್ಥಿಗಳಿಗೆ ನೆನಪಾಗುವುದು ಅಲ್ಲಿನ ಕೋಟೆ, ಸಂತೆಬೆನ್ನೂರು–ಬಸವಾಪಟ್ಟಣದ ಪಾಳೆಯಗಾರರು ಹಾಗೂ ಆ ಮನೆತನವು ಮುಂದೆ ತರೀಕೆರೆಯಲ್ಲಿ ನೆಲೆಗೊಂಡ ಸಂಗತಿ. ಶಾಸನಗಳು, ಕೈಫಿಯತ್ತುಗಳು ಮತ್ತು ಕಂದಾಯದ ಕಡತಗಳು ಈ ರಾಜಕೀಯ ಇತಿಹಾಸಕ್ಕೆ ಆಧಾರ ಒದಗಿಸಿವೆ. ಇದೇ ಪರಿಸರದ ತಾಯಿಯೊಬ್ಬಳು, ಲಗ್ನವಾಗಿ ಹೋದ ತನ್ನ ಮಗಳ ಕ್ಷೇಮವನ್ನು ಯಾವ ದಾರಿಯಿಂದ ತಿಳಿಯುತ್ತಿದ್ದಳು ಎಂಬ ಪ್ರಶ್ನೆಯನ್ನು ಎತ್ತಿಕೊಂಡರೆ ಬೇರೆ ಬಗೆಯ ಆಧಾರಗಳತ್ತ ನೋಡಬೇಕಾಗುತ್ತದೆ. ಹೆಣ್ಣುಮಕ್ಕಳ ವಾರ್ತೆಯು ಕಾಗದಕ್ಕಿಂತ ಹೆಚ್ಚಾಗಿ ವ್ಯಕ್ತಿಗಳನ್ನೂ ಹಬ್ಬಹರಿದಿನಗಳನ್ನೂ ಆಶ್ರಯಿಸಿ ಚಲಿಸಿತೆಂಬುದನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಚನ್ನಗಿರಿ ತಾಲ್ಲೂಕಿಗೆ ಸೇರಿದ ಬಸವಾಪಟ್ಟಣವು 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾಗುವವರೆಗೆ ಶಿವಮೊಗ್ಗ ಜಿಲ್ಲೆಯಲ್ಲಿತ್ತು. ಅದರ ಪಶ್ಚಿಮಕ್ಕೆ ತುಂಗಭದ್ರಾ ನದಿ. ನದಿಯ ಎಡದಂಡೆಯ ಮೇಲೆ ಹೊನ್ನಾಳಿ, ಅದೇ ದಿಕ್ಕಿನಲ್ಲಿ ಮಲೆನಾಡು–ಬಯಲುಸೀಮೆಗಳ ವ್ಯಾಪಾರದ ಊರಾದ ನ್ಯಾಮತಿ. ಪೂರ್ವಕ್ಕೆ ಚಿತ್ರದುರ್ಗ ಸೀಮೆಯ ಬಯಲು ಹಬ್ಬಿದೆ. ಈ ವಲಯದೊಳಗೆ ಹೆಣ್ಣು ಕೊಟ್ಟು ತರುವ ಸಂಬಂಧಗಳು ಬೆಳೆದವು. ಸೋದರಮಾವನಿಗೆ ಅಥವಾ ಸೋದರತ್ತೆಯ ಮಗನಿಗೆ ಹೆಣ್ಣು ಕೊಡುವ ಪದ್ಧತಿಯಿದ್ದ ಮನೆತನಗಳಲ್ಲಿ ಸೊಸೆಗೆ ಅತ್ತೆಯು ತಂದೆಯ ಅಕ್ಕತಂಗಿಯರಲ್ಲಿ ಒಬ್ಬಳೋ ತಾಯಿಯ ತಾಯಿಯೋ ಆಗಿರುತ್ತಿದ್ದಳು. ಆದುದರಿಂದ ಎರಡು ಮನೆಗಳ ಹೆಂಗಸರ ನಡುವೆ ವಾರ್ತೆಯ ಹಾದಿ ಲಗ್ನಕ್ಕೆ ಮೊದಲೇ ತೆರೆದಿರುತ್ತಿತ್ತು. ಅಂತಹ ನಂಟಿಲ್ಲದ ಮನೆಗೆ ಹೋದವಳಿಗೆ ಈ ಆಸರೆ ಇರಲಿಲ್ಲ.

ಹಬ್ಬಗಳು ಈ ವಿನಿಮಯಕ್ಕೆ ಕಾಲವನ್ನು ಗೊತ್ತುಮಾಡಿದ್ದವು. ನಾಗರಪಂಚಮಿಗೆ ಅಣ್ಣನೋ ತಮ್ಮನೋ ಕರೆಯಲು ಬರುವುದು, ಬಸುರಿಗೆ ಕುಬುಸ ಮಾಡುವುದು, ಚೊಚ್ಚಲ ಬಾಣಂತನಕ್ಕೆ ತವರಿಗೆ ಕರೆತರುವುದು, ಮರಳುವಾಗ ಉಡಿ ತುಂಬಿ ಕಳುಹಿಸುವುದು ಇವೆಲ್ಲ ಸುದ್ದಿಯ ಸಂದರ್ಭಗಳೂ ಆಗಿದ್ದವು. ಪಂಚಮಿಯು ಶ್ರಾವಣದಲ್ಲಿ, ಅಂದರೆ ತುಂಗಭದ್ರೆ ತುಂಬಿ ಹರಿಯುವ ಕಾಲದಲ್ಲಿ ಬರುತ್ತದೆ. ಹರಿಹರದಲ್ಲಿ 1868ರಲ್ಲಿ ಸೇತುವೆ ನಿರ್ಮಾಣವಾಯಿತಾದರೂ ಹೊನ್ನಾಳಿಯ ಕಡೆಗೆ ದಾಟುವವರಿಗೆ ಹರಿಗೋಲೇ ಗತಿಯಾಗಿತ್ತು. ಹೊಳೆ ಇಳಿಯದಿದ್ದರೆ ಕರೆಯಲು ಬರುವವನೂ ಇಲ್ಲ, ಸುದ್ದಿಯೂ ಇಲ್ಲ. ತವರಿನ ದಾರಿ ನೋಡುವ ಹೆಣ್ಣಿನ ಚಿತ್ರವು ಜನಪದ ಗೀತೆಗಳಲ್ಲಿ ಮತ್ತೆಮತ್ತೆ ಬರುವುದನ್ನು ಈ ಹಿನ್ನೆಲೆಯಲ್ಲಿ ಅರ್ಥೈಸಬೇಕಾಗಿದೆ.

ಹಬ್ಬಗಳ ನಡುವಣ ಅವಧಿಯಲ್ಲಿ ಸಂತೆ, ಜಾತ್ರೆ ಮತ್ತು ಬಳೆಗಾರರು ಈ ಕೆಲಸವನ್ನು ನಿರ್ವಹಿಸಿದರು. ಹೆಂಗಸರ ಕೈಹಿಡಿದು ಬಳೆ ತೊಡಿಸುವ ಬಳೆಗಾರನಿಗೆ ನಡುಮನೆಯವರೆಗೆ ಪ್ರವೇಶವಿತ್ತು. ಮಗಳ ಮುಖ ಬಾಡಿದೆಯೇ, ಕೈ ಸೊರಗಿದೆಯೇ ಎಂಬುದನ್ನು ಅವನು ಕಣ್ಣಾರೆ ಕಂಡು ತವರಿನಲ್ಲಿ ಹೇಳಬಲ್ಲವನಾಗಿದ್ದನು. ತವರಿನ ಗುರುತು ಹೇಳಿ ಬಳೆಗಾರನನ್ನು ಕಳುಹಿಸುವ ಪ್ರಸಿದ್ಧ ಜನಪದ ಗೀತೆಯ ಸಾಮಾಜಿಕ ಆಧಾರ ಇದೇ ಎನ್ನಬಹುದು. ಸಾವಿನ ಸುದ್ದಿಯ ಕ್ರಮ ಬೇರೆಯಾಗಿತ್ತು. ಅದನ್ನು ಗ್ರಾಮದ ಸೇವಾವೃತ್ತಿಯವರು ಕಾಲ್ನಡಿಗೆಯಲ್ಲಿ ಹೋಗಿ ಮುಟ್ಟಿಸಬೇಕಾಗಿತ್ತು. ಒಡಲಿನ ದುಃಖವನ್ನು ಹೊತ್ತು ನಡೆದ ಇವರ ಶ್ರಮವೂ ಕುಟುಂಬ ಚರಿತ್ರೆಯ ಭಾಗವೆಂದು ಪರಿಗಣಿತವಾಗಬೇಕು.

ಕಾಗದವು ಈ ಸೀಮೆಗೆ ಅಪರಿಚಿತವಾಗಿರಲಿಲ್ಲ. 1830–31ರ ನಗರದ ರೈತ ದಂಗೆಯ ಕಾಲದಲ್ಲಿ ರೈತರ ಕೂಟಗಳ ಪತ್ರಗಳು ಊರಿಂದೂರಿಗೆ ಸಂಚರಿಸಿದವು. ಸರ್ಕಾರಕ್ಕೆ ಅವು ಆತಂಕದ ವಿಷಯವಾದುದರಿಂದಲೇ ದಾಖಲೆಗೂ ಸೇರಿದವು. ಚಿಕ್ಕದೇವರಾಜ ಒಡೆಯರ ಕಾಲದಿಂದ ನಡೆದುಬಂದ ಮೈಸೂರು ಅಂಚೆಯು 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ವಿಲೀನವಾಯಿತು. ಅದಕ್ಕೆ ಮೊದಲೇ, 1879ರಲ್ಲಿ, ಬ್ರಿಟಿಷ್ ಇಂಡಿಯಾದಲ್ಲಿ ಕಾಲಾಣೆಯ ಕಾರ್ಡು ಬಳಕೆಗೆ ಬಂದಿತ್ತು. ಬೆಲೆಯ ದೃಷ್ಟಿಯಿಂದ ಕಾಗದವು ಸಾಮಾನ್ಯರಿಗೆ ಎಟುಕಿತು. ಆದರೆ 1901ರ ಜನಗಣತಿಯ ವೇಳೆಗೂ ಮೈಸೂರು ಸಂಸ್ಥಾನದಲ್ಲಿ ನೂರು ಹೆಂಗಸರಲ್ಲಿ ಓದುಬರಹ ಬಲ್ಲವಳು ಒಬ್ಬಳೂ ಇರಲಿಲ್ಲ. ಹೀಗಾಗಿ ತಾಯಿಯ ಮಾತನ್ನು ಶಾನುಭೋಗರೋ ಮಠದ ಅಯ್ಯನವರೋ ಬರೆಯಬೇಕು. ಅತ್ತ ಮಗಳಿಗೆ ಮಾವನೋ ಮೈದುನನೋ ಓದಿ ಹೇಳಬೇಕು. ಅತ್ತೆಯ ಮನೆಯ ಕಷ್ಟವನ್ನು ಆ ಮನೆಯ ಗಂಡಸಿನ ಬಾಯಿಂದಲೇ ಓದಿಸುವುದು ಹೇಗೆ? ತೆರೆದ ಕಾರ್ಡಿನಲ್ಲಂತೂ ಗುಟ್ಟಿಗೆ ಎಡೆಯೇ ಇರಲಿಲ್ಲ. ಮೂಲೆಗೆ ಅರಿಸಿನ ಹಚ್ಚಿದ ಶುಭಪತ್ರದ ಬಣ್ಣವನ್ನು ಮಾತ್ರ ಅಕ್ಷರ ಬಾರದವಳೂ ತಾನೇ ಓದಿಕೊಳ್ಳಬಲ್ಲವಳಾಗಿದ್ದಳು.

ಈ ವ್ಯವಸ್ಥೆಯ ಮಿತಿ 1876–78ರ ಮಹಾಕ್ಷಾಮದಲ್ಲಿ ಸ್ಪಷ್ಟವಾಗುತ್ತದೆ. 1871ರಲ್ಲಿ 50,55,412 ಇದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ 41,86,188ಕ್ಕೆ ಇಳಿಯಿತು. ಕ್ಷಾಮದ ಹೊಡೆತ ಮಲೆನಾಡಿಗಿಂತ ಪೂರ್ವದ ಬಯಲು ಸೀಮೆಯಲ್ಲಿ ತೀವ್ರವಾಗಿತ್ತು. ಪೂರ್ವಕ್ಕೆ ಹೆಣ್ಣು ಕೊಟ್ಟ ಮನೆಗಳಿಗೆ ಮಗಳ ಸುದ್ದಿ ಅತ್ಯಂತ ಅಗತ್ಯವಾಗಿದ್ದ ಹೊತ್ತಿನಲ್ಲಿಯೇ ಹಬ್ಬ ಮಂಕಾಗಿ, ಸಂತೆ ಬಡವಾಗಿ, ಜನ ಗುಳೆ ಹೊರಟರು. ವ್ಯಕ್ತಿಯನ್ನೇ ಆಶ್ರಯಿಸಿದ ವಾರ್ತೆಯು ವ್ಯಕ್ತಿ ಚದುರಿದಾಗ ಕಡಿಯುವುದು ಸಹಜ. ಸಕಾಲದಲ್ಲಿ ಮುಟ್ಟಿದ ಸುದ್ದಿಯು ಮಗಳನ್ನೂ ಮೊಮ್ಮಕ್ಕಳನ್ನೂ ತವರಿಗೆ ಕರೆತಂದು ಉಳಿಸಬಲ್ಲುದಾಗಿತ್ತು. ತಡವಾದ ಸುದ್ದಿ ಅಳುವುದಕ್ಕಷ್ಟೇ ಒದಗುತ್ತಿತ್ತು.

ಒಟ್ಟಿನಲ್ಲಿ, ಹೆಂಗಸರು ‘ತವರಿನ ಸುದ್ದಿ’ ಎಂದು ಕರೆದುದು ಕೇವಲ ಕುಶಲೋಪರಿಯಾಗಿರದೆ, ಅವರ ಬದುಕಿಗೆ ಕಾವಲಾಗಿದ್ದ ಏರ್ಪಾಡಾಗಿತ್ತು. ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿದಾಗ ಇಂತಹ ಲೋಕವೊಂದು ಅಚ್ಚಿಗೆ ಬಂದಿತು. ಆ ಹಾಡುಗಳನ್ನು ಸಾಹಿತ್ಯವೆಂದು ಮೆಚ್ಚುವುದರ ಜೊತೆಗೆ, ನದಿ, ಸಂತೆ, ಅಂಚೆ ಮತ್ತು ಜನಗಣತಿಯ ದಾಖಲೆಗಳೊಡನೆ ಇರಿಸಿ ಓದಿದರೆ, ಅಕ್ಷರ ಬಾರದ ತಾಯಂದಿರ ಇತಿಹಾಸವನ್ನು ಬರೆಯುವುದು ಸಾಧ್ಯವಾಗುತ್ತದೆ. ಬಸವಾಪಟ್ಟಣದ ಕೋಟೆಯ ಇತಿಹಾಸ ಬರೆದಂತೆ, ಅದರ ಹೊರಗೆ ಹೊಳೆಯ ದಾರಿ ಕಾದವರ ಇತಿಹಾಸವನ್ನೂ ಬರೆಯಬೇಕಾಗಿದೆ.